ಬಚ್ಚಲ ಕಿಂಡಿಗೆ ಕಟ್ಟಿದ ಚಂದ್ರಿಕೆ

ನಮ್ಮ ಮನೆಯಲ್ಲಿ ಸ್ನಾನಕ್ಕೆ ಹೊರಟವರನ್ನು ಅಡುಗೆಮನೆಯಿಂದ ಒಂದು ಪ್ರಶ್ನೆ ಹಿಂಬಾಲಿಸುತ್ತದೆ. ಟವೆಲ್ ತೆಗೆದುಕೊಂಡಿರಾ, ಸೋಪು ಇದೆಯಾ ಎಂಬ ಲೋಕಾರೂಢಿಯ ಪ್ರಶ್ನೆಯಲ್ಲ ಅದು. "ಕಿಂಡಿ ತೆಗ್ದೈತಾ?" ಎಂದು ಕೇಳುವವಳು ನನ್ನ ಹೆಂಡತಿ ಜಯಮ್ಮ. ಬಚ್ಚಲಿನಿಂದ "ತೆಗ್ದೈತೆ" ಎಂಬ ಉತ್ತರ ಬರುವವರೆಗೆ ಅವಳ ಕೈಯ ಒಗ್ಗರಣೆ ಸೌಟು ಅಂತರದಲ್ಲೇ ನಿಂತಿರುತ್ತದೆ. ಮೊನ್ನೆ ಮದುವೆಯ ಕಾಗದ ಕೊಡಲು ಬಂದು, ಕಾಲು ತೊಳೆಯಲೆಂದು ಬಚ್ಚಲಿಗೆ ಹೋದ ನೆಂಟರೊಬ್ಬರು ಈ ಪ್ರಶ್ನೆಗೆ ಬೆಚ್ಚಿ, ಏನು ತೆಗೆಯಬೇಕು, ಏನು ಮುಚ್ಚಬೇಕು ತಿಳಿಯದೆ, ಕಾಲು ತೊಳೆಯದೆಯೇ ಹೊರಗೆ ಬಂದುಬಿಟ್ಟರು.

ಆ ಕಿಂಡಿಯನ್ನು ನೀವು ನೋಡಿದರೆ ಇನ್ನೂ ಆಶ್ಚರ್ಯಪಡುತ್ತೀರಿ. ಒಂದೂವರೆ ಗೇಣು ಅಗಲ, ಒಂದು ಗೇಣು ಎತ್ತರ. ಅದಕ್ಕೆ ಬಾಗಿಲಿಲ್ಲ, ಗಾಜಿಲ್ಲ, ಪರದೆಯಿಲ್ಲ. ಅಡ್ಡಕ್ಕೆ ಎರಡು ಕಬ್ಬಿಣದ ಸರಳು ಬಿಟ್ಟರೆ ಆಚೆಗೆ ಬರೀ ಆಕಾಶ. ಮುಚ್ಚಲು ಏನೂ ಇಲ್ಲದ ಕಿಂಡಿಯನ್ನು ತೆಗೆದಿದೆಯಾ ಎಂದು ದಿನವೂ ಕೇಳುವುದು ಹರಿಯುವ ಹೊಳೆಯನ್ನು ಹರಿಯುತ್ತಿದ್ದೀಯಾ ಎಂದು ವಿಚಾರಿಸಿದ ಹಾಗೆ. ಆದರೂ ನಾನು ಒಂದು ದಿನವೂ ಆ ಪ್ರಶ್ನೆಗೆ ಬೇಸರಪಟ್ಟಿಲ್ಲ. ಬೇಸರಪಡುವ ಹಕ್ಕು ನನಗಿಲ್ಲ. ಯಾಕಿಲ್ಲ ಎಂಬುದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳೋಣವೆಂದೇ ಈ ವಯಸ್ಸಿನಲ್ಲಿ ಕಾಗದ ಪೆನ್ನು ಹಿಡಿದು ಕೂತಿದ್ದೇನೆ.

ನಾನು ರಾಮನಗರದವನು. ಎಸ್ಸೆಸ್ಸೆಲ್ಸಿ ಮುಗಿಸಿ, ಮುಂದೆ ಓದುವ ಆಸೆಯನ್ನೂ ಅಲ್ಲಿಗೇ ಮುಗಿಸಿ, ರೇಷ್ಮೆ ನೂಲು ಬಿಚ್ಚುವ ಕಸುಬಿಗೆ ಕೂತವನು ಎದ್ದದ್ದು ನಲವತ್ತು ವರ್ಷದ ಮೇಲೆ. ಈ ಕೆಲಸ ಕಂಡಿಲ್ಲದವರಿಗೆ ಒಂದು ಮಾತು: ಗೂಡಿನ ಮಾರುಕಟ್ಟೆಯಿಂದ ತಂದ ರೇಷ್ಮೆಗೂಡುಗಳನ್ನು ಕುದಿಯುವ ನೀರಿಗೆ ಸುರಿದು, ಅಂಟು ಸಡಿಲವಾದ ಮೇಲೆ ಎಳೆಯ ತುದಿ ಹುಡುಕಿ, ಏಳೆಂಟು ಎಳೆ ಕೂಡಿಸಿ ಒಂದು ನೂಲು ಮಾಡಿ ರಾಟೆಗೆ ಹತ್ತಿಸುವುದು. ಒಳಗಿನ ಹುಳು ಬೇಯುತ್ತದೆ, ಹೊರಗಿನ ನೂಲು ಬಿಚ್ಚುತ್ತದೆ. ನೀರು ಒಸಿ ಆರಿದರೆ ನೂಲು ತುಂಡು, ಒಸಿ ಕಾದರೆ ಗೂಡೇ ಮುದ್ದೆ. ಹಾಗಾಗಿ ನಮ್ಮ ಕಣ್ಣು ಸದಾ ಬಾಣಲೆಯ ಕೆಳಗಿನ ಉರಿಯ ಮೇಲೆ, ಬೆರಳು ಸದಾ ನೀರಿನ ಮೇಲೆ. ನನ್ನ ಬೆರಳ ತುದಿಗಳು ಇವತ್ತಿಗೂ ನೆನೆದ ಅವರೆಕಾಳಿನ ಹಾಗೆ ಸುಕ್ಕಾಗಿವೆ. ಬಿಸಿನೀರಿನ ವಿಷಯದಲ್ಲಿ ನನಗೆ ಸರಿಸಮಾನರು ನಾಲ್ಕು ತಾಲ್ಲೂಕಿನಲ್ಲಿ ಇಲ್ಲವೆಂಬ ಒಂದು ಅಹಂಕಾರ ನನ್ನೊಳಗೆ ಆ ಉರಿಯ ಜತೆಗೇ ನಲವತ್ತು ವರ್ಷ ಉರಿಯುತ್ತಿತ್ತು. ಒಲೆ ಆರಿದ ಮೇಲೂ ಅದು ಆರಲಿಲ್ಲ.

ಜಯಮ್ಮನ ತವರು ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಕಡೆಯದು. ಅವರದು ಹುಳು ಸಾಕುವ ಮನೆ. ನಮ್ಮ ಮದುವೆಯ ಮಾತುಕತೆಯ ದಿನ ಮಾವನವರು ವೀಳ್ಯ ಮಡಿಸುತ್ತಾ, "ನಾವು ಸಾಕೋರು, ನೀವು ಬೇಯ್ಸೋರು. ನಮ್ಮ ಹುಳನ ಬೇಯ್ಸುದ್ರಿ, ಸರಿ. ನಮ್ಮ ಹೆಣ್ಣ ಬೇಯ್ಸ್‌ಬ್ಯಾಡಿ ಕಣಪ್ಪಾ" ಅಂದಿದ್ದರು. ಚಪ್ಪರದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಕೆಲವು ನಗೆಚಾಟಿಕೆಗಳು ನಿಜವಾಗಲು ನಲವತ್ತು ವರ್ಷ ಕಾಯುತ್ತವೆ ಎಂದು ಆಗ ಯಾರಿಗೆ ಗೊತ್ತಿತ್ತು?

ನಮ್ಮ ಬಚ್ಚಲಲ್ಲಿ ಬಹುಕಾಲ ತಾಮ್ರದ ಹಂಡೆಯೇ ಇತ್ತು. ಸೌದೆ ಒಟ್ಟುವುದು, ಊದುಕೊಳವೆಯಲ್ಲಿ ಊದುವುದು, ಹೊಗೆಗೆ ಕಣ್ಣೊರೆಸಿಕೊಳ್ಳುವುದು ಜಯಮ್ಮನ ಪಾಲು. ನೀರು ಹದವಾಗಿಲ್ಲವೆಂದು ಗೊಣಗುವುದು ತಜ್ಞನಾದ ನನ್ನ ಪಾಲು. ನಮ್ಮ ಒಬ್ಬಳೇ ಮಗಳು ಸುಮ ಎರಡು ಬೀದಿ ಆಚೆ ಗಂಡನ ಮನೆಯಲ್ಲಿದ್ದಾಳೆ, ಸ್ಕೂಲಿನಲ್ಲಿ ಮೇಡಂ. ಹೋದ ಕಾರ್ತಿಕದಲ್ಲಿ ಅವಳು, "ಅಮ್ಮ ಇನ್ನು ಒಲೆ ಊದೋದು ಸಾಕು" ಎಂದು ಒಂದು ಗ್ಯಾಸ್ ಗೀಸರ್ ತಂದುಕೊಟ್ಟು, ಅದನ್ನು ಕೂರಿಸಲು ಅನ್ವರ್ ಎಂಬ ಫಿಟ್ಟರನ್ನು ಕಳಿಸಿದಳು.

ಅನ್ವರ್ ಬಚ್ಚಲನ್ನು ಒಂದು ಸುತ್ತು ನೋಡಿ, ಹೊರಗೆ ಹೋಗಿ ಹಿತ್ತಲ ಗೋಡೆಯನ್ನು ತಟ್ಟಿ ನೋಡಿ, "ಯಜಮಾನ್ರೇ, ಇದು ಒಳ್ಗೆ ಬ್ಯಾಡ. ಹೊರಗಡೆ ಗೋಡೆಗೆ ಹಾಕ್ತೀನಿ, ಪೈಪ್ ಮಾತ್ರ ಒಳ್ಗೆ ಬರ್ತದೆ. ಬೆಂಕಿ ಉರಿಯೋಕೆ ಗಾಳಿ ತಿಂತದೆ, ತಿಂದು ಕೆಟ್ಟ ಗಾಳಿ ಬುಡ್ತದೆ" ಅಂದ.

ಹೊರಗೆ ಹಾಕಿದರೆ ಉರಿ ನನ್ನ ಕಣ್ಣಿಗೆ ಕಾಣುವುದಿಲ್ಲವಲ್ಲ! ಉರಿ ಕಾಣದ ಬಿಸಿನೀರನ್ನು ನಾನು ಆಯುಷ್ಯದಲ್ಲಿ ನಂಬಿದವನಲ್ಲ. "ನಲವತ್ತು ವರ್ಷ ಬೆಂಕಿ ಮುಂದೆ ಕೂತಿದ್ದೀನಿ ಕಣಪ್ಪಾ, ನಂಗೆ ಬೆಂಕಿ ಪಾಠ ಹೇಳ್ಬೇಡ. ಒಳಗೇ ಹಾಕು, ಕಣ್ಣೆದುರಿಗಿರ್ಲಿ" ಎಂದೆ. ಅವನು ಇನ್ನೊಂದು ಸಲ ಹೇಳಿದ. ನಾನು ಇನ್ನೊಂದು ಸಲ ನಲವತ್ತು ವರ್ಷವನ್ನು ಅವನ ತಲೆಯ ಮೇಲೆ ಹೇರಿದೆ. ಕೊನೆಗೆ ಅವನು ಸೋತು, ಒಳಗಡೆಯೇ ಕೂರಿಸಿ, ಹೋಗುವಾಗ ಜಯಮ್ಮನನ್ನೂ ನನ್ನನ್ನೂ ಒಟ್ಟಿಗೆ ನಿಲ್ಲಿಸಿ ಹೇಳಿದ: "ಅಮ್ಮಾ, ಮೊದ್ಲು ಬಕೆಟ್ ತುಂಬ್ಕಳಿ. ಗೀಸರ್ ಆಫ್ ಮಾಡಿ. ಆಮೇಲೆ ಬಾಗ್ಲು ಹಾಕ್ಕಂಡು ಸ್ನಾನ ಮಾಡಿ. ಉರೀತಿರೋವಾಗ ಬಾಗ್ಲು ಹಾಕ್ಬೇಡಿ. ಆ ಕಿಂಡಿ ಮಾತ್ರ ಯಾವತ್ತೂ ಮುಚ್ಬೇಡಿ."

ಸಂಜೆ ಸುಮ ಬಂದು, "ಒಳಗ್ಯಾಕಪ್ಪಾ ಹಾಕ್ಸಿದೆ?" ಎಂದು ಹುಬ್ಬು ಗಂಟಿಕ್ಕಿದಾಗ, "ಹೊರಗೆ ಗೋಡೆ ಸರಿ ಇಲ್ವಂತೆ ಕಣಮ್ಮ, ಅನ್ವರ್ ಹೇಳ್ದ" ಎಂದುಬಿಟ್ಟೆ. ಸುಳ್ಳಿಗೂ ರೇಷ್ಮೆಯ ಎಳೆಗೂ ಒಂದು ಗುಣ ಸಮಾನ. ತುದಿ ಸಿಕ್ಕಿತೆಂದರೆ ಆಮೇಲೆ ತಾನಾಗಿ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಇದು ತುದಿ.

ಮಾರ್ಗಶಿರ ಬಂತು. ಬೆಟ್ಟದ ಕಡೆಯಿಂದ ಬೆಳಗಿನ ಹೊತ್ತು ಬೀಸುವ ಗಾಳಿ ಆ ಕಿಂಡಿಯಲ್ಲಿ ನುಗ್ಗಿ, ಗೀಸರಿನ ಸಣ್ಣ ಗಾಜಿನ ಹಿಂದೆ ಕಾಣುವ ನೀಲಿ ಉರಿಯನ್ನು ತೂಗಾಡಿಸತೊಡಗಿತು. ಉರಿ ತೂಗಾಡಿದರೆ ನನ್ನ ಜೀವ ತೂಗಾಡುತ್ತದೆ. ಕಸುಬಿನಲ್ಲಿ ನಮಗೆ ಗಾಳಿಯೆಂದರೆ ಶತ್ರು. ನೂಲು ಬಿಚ್ಚುವ ಶೆಡ್ಡಿನ ಸಂದುಗೊಂದನ್ನೆಲ್ಲ ಗೋಣಿಚೀಲ ಕಟ್ಟಿ ಮುಚ್ಚುತ್ತಿದ್ದೆವು. ಅದೇ ಬುದ್ಧಿ ಇಲ್ಲೂ ಓಡಿತು. ಮನೆಯ ಮೆಟ್ಟಿಲ ಕೆಳಗೆ ಒಂದು ಮುರಿದ ಚಂದ್ರಿಕೆ ಬಿದ್ದಿತ್ತು. ಹಣ್ಣಾದ ರೇಷ್ಮೆ ಹುಳು ಗೂಡು ಕಟ್ಟಲೆಂದು ಬಿಡುವ, ಬಿದಿರಿನ ಚಾಪೆಯ ಮೇಲೆ ಸುರುಳಿ ಸುರುಳಿಯಾಗಿ ಹೆಣೆದ ದೊಡ್ಡ ತಟ್ಟೆಯದು. ಹಪ್ಪಳ ಒಣಗಿಸಲು ಆಗುತ್ತದೆಂದು ಜಯಮ್ಮ ತವರಿನಿಂದ ತಂದಿದ್ದಳು. ಅದರ ಒಂದು ಮೂಲೆ ಕತ್ತರಿಸಿ, ಹಿಂದಕ್ಕೆ ಹಳೆಯ ಪೇಪರು ಅಂಟಿಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹೊಲಿದು, ಹಿತ್ತಲ ಕಡೆಯಿಂದ ಕಿಂಡಿಗೆ ಸರಿಯಾಗಿ ಕೂರಿಸಿ ಹುರಿಯಿಂದ ಬಿಗಿದೆ. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಒಂದು ಸೊಳ್ಳೆ ನುಸುಳುವಂತಿರಲಿಲ್ಲ. ಉರಿ ದೇವರ ಮುಂದಿನ ದೀಪದಂತೆ ನೆಟ್ಟಗೆ ನಿಂತಿತು. ಕೈ ಕಟ್ಟಿ ನಿಂತು ನಾನದನ್ನು ನೋಡಿ ಸಂತೋಷಪಟ್ಟೆ.

ಒಳಗೆ ಬೆಳಕು ಕಡಿಮೆಯಾದದ್ದನ್ನು ಕಂಡು ಜಯಮ್ಮ, "ಕಿಂಡಿಗೇನೋ ಕಟ್ಟಿದ್ದೀರಲ್ಲಾ? ಅನ್ವರ್ ಮುಚ್ಬ್ಯಾಡಿ ಅಂದಿದ್ದ" ಎಂದು ಕೇಳಿದ್ದುಂಟು. ಆಮೇಲೆ ಇನ್ನೊಂದು ಮಾತನ್ನೂ ಹೇಳಿದಳು: "ಚಳೀಗೆ ಹುಳದ ಮನೇಲಿ ಇದ್ಲು ಕೆಂಡ ಇಟ್ರೆ ನಮ್ಮಪ್ಪ ಮೇಲಿನ ಕಿಂಡಿ ತೆಗ್ದೇ ಇಡ್ತಿದ್ರು. ಹುಳ ಚಳಿ ತಡ್ಕತವೆ, ಉಸ್ರು ಕಟ್ಟುದ್ರೆ ತಡ್ಕಳಲ್ಲ ಅಂತಿದ್ರು." ನಾನು ನಕ್ಕು, "ನೀನೇನು ಹುಳಾನಾ? ಗಾಳಿ ಎಲ್ಲಾ ನಿಂತಿಲ್ಲ, ಚಳಿ ಮಾತ್ರ ನಿಂತದೆ" ಎಂದೆ. ಅವಳು ನಂಬಿದಳು. ಬಿಸಿನೀರಿನ ವಿಷಯದಲ್ಲಿ ನನ್ನನ್ನು ನಂಬದೆ ಇನ್ಯಾರನ್ನು ನಂಬುತ್ತಾಳೆ?

ಎರಡು ಮೂರು ಸಲ ಸ್ನಾನ ಮುಗಿಸಿ ಬಂದವಳು ತಲೆ ಒತ್ತಿಕೊಂಡು ಕೂತದ್ದೂ ಉಂಟು. ನೆನೆದ ಕೂದಲು, ಚಳಿ, ಕಾಫಿ ತಡವಾದದ್ದು, ಹೀಗೆ ನನ್ನ ಬಳಿ ಕಾರಣಗಳಿಗೆ ಬರವಿರಲಿಲ್ಲ. ನನಗೇನೂ ಆಗುತ್ತಿರಲಿಲ್ಲ. ನಲವತ್ತು ವರ್ಷ ಬಿಸಿನೀರಿನಲ್ಲಿ ಕೈಯಾಡಿಸಿದವನಿಗೆ ಹೊತ್ತುಗಟ್ಟಲೆ ಬಿಸಿನೀರಿನ ಸ್ನಾನ ಬೇಡವೇ ಬೇಡ. ನನ್ನದು ನಾಲ್ಕು ಚೊಂಬಿನ ಕಾಗೆಸ್ನಾನ.

ಇಲ್ಲಿ ಇನ್ನೊಂದು ಅವಮಾನವನ್ನೂ ಹೇಳಿಬಿಡಬೇಕು. ಎಸ್ಸೆಸ್ಸೆಲ್ಸಿ ವಿಜ್ಞಾನದ ಪರೀಕ್ಷೆಯಲ್ಲಿ ಕಾರ್ಬನ್ ಮೊನಾಕ್ಸೈಡಿನ ಗುಣಗಳನ್ನು ಕೇಳಿದ್ದರು. "ವರ್ಣರಹಿತ, ವಾಸನಾರಹಿತ, ಅತ್ಯಂತ ವಿಷಕಾರಿ" ಎಂದು ದುಂಡಗೆ ಬರೆದವನು ನಾನೇ. ಗಾಳಿ ಸಾಲದೆ ಉರಿಯುವ ಬೆಂಕಿಯಿಂದ ಅದು ಹುಟ್ಟುತ್ತದೆಂದೂ ಬರೆದಿದ್ದೆ. ಆ ಉತ್ತರ ಇಷ್ಟು ವರ್ಷ ನನ್ನ ತಲೆಯಲ್ಲಿ ಭದ್ರವಾಗಿತ್ತು. ಆದರೆ ಆ ಅನಿಲ ಪ್ರಶ್ನೆಪತ್ರಿಕೆಯಲ್ಲಿ ವಾಸಿಸುವಂಥದ್ದೆಂದೂ, ಬಚ್ಚಲಿಗೆ ಬರುವುದಿಲ್ಲವೆಂದೂ ಭಾವಿಸಿಕೊಂಡಿದ್ದೆ. ಸಿಲಿಂಡರ್ ಸೋರಿದರೆ ಮೂಗಿಗೆ ಹೊಡೆಯುತ್ತದೆ, ಹುಳು ಬೆಂದ ನಾತ ಬೀದಿಯ ಕೊನೆಗೂ ಬರುತ್ತದೆ. ನಾತವಿಲ್ಲದ ಕೇಡನ್ನು ನನ್ನ ಮೂಗು ಕೇಡೆಂದು ಎಣಿಸಲೇ ಇಲ್ಲ.

ಜಯಮ್ಮನಿಗೆ ಶನಿವಾರ ಉಪವಾಸ. ತಿಂಗಳಿಗೊಂದು ಶನಿವಾರ ತಲೆಸ್ನಾನ ಮಾಡಿ, ಹಳದಿ ಬಟ್ಟೆಯ ಚೀಲ ಹಿಡಿದು, ಬಸ್ಸಿನಲ್ಲಿ ಚನ್ನಪಟ್ಟಣಕ್ಕೆ ಹೋಗಿ, ಅಲ್ಲಿಂದ ದೊಡ್ಡಮಳೂರಿನ ಅಪ್ರಮೇಯಸ್ವಾಮಿಯ ಗುಡಿಗೆ ಹೋಗಿ ಬರುತ್ತಿದ್ದಳು. ಬಹಳ ವರ್ಷ ಮಕ್ಕಳಿಲ್ಲದಾಗ ಅಲ್ಲಿಯ ಅಂಬೆಗಾಲು ಕೃಷ್ಣನಿಗೆ ಹರಕೆ ಹೊತ್ತು, ಸುಮ ಹುಟ್ಟಿದ ಮೇಲೆ ಹಿಡಿದ ವ್ರತ ಅದು. ಒಬ್ಬಳೇ ಹೋಗುತ್ತಿದ್ದಳು. ನಾನು ಬರಲೇ ಅಂದರೆ, "ನಿಮ್ಗ್ಯಾಕೆ ತೊಂದ್ರೆ" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಡುತ್ತಿದ್ದಳು.

ಧನುರ್ಮಾಸದ ಒಂದು ಶನಿವಾರ, ಹೊತ್ತು ಮೂಡಿದ್ದೇ ತಲೆಸ್ನಾನಕ್ಕೆ ಹೋದಳು. ತಲೆಸ್ನಾನಕ್ಕೆ ನೀರು ಹೆಚ್ಚು ಬೇಕೆಂದು ಗೀಸರ್ ಆರಿಸಿರಲಿಲ್ಲ; ಚಳಿಗೆ ಬಾಗಿಲು ಮುಚ್ಚಿಕೊಂಡಿದ್ದಳು, ಚಿಲಕ ಹಾಕಿರಲಿಲ್ಲ. ನಾನು ಜಗಲಿಯಲ್ಲಿ ಪೇಪರು ಓದುತ್ತಿದ್ದೆ. ನೀರು ಬೀಳುವ ಸದ್ದಿಗೆ ನನ್ನ ಕಿವಿಯೂ ಪಳಗಿದೆ. ಚೊಂಬು ಮುಳುಗುವ, ಎತ್ತುವ, ಸುರಿಯುವ ಲಯ ನಿಂತು, ನಲ್ಲಿಯ ಸದ್ದೊಂದೇ ಎಳೆದ ನೂಲಿನ ಹಾಗೆ ಉದ್ದಕ್ಕೂ ಬರತೊಡಗಿತು. "ಜಯಾ" ಎಂದೆ. ಇನ್ನೊಮ್ಮೆ ಕೂಗಿದೆ. ಬಾಗಿಲು ತಳ್ಳಿದೆ. ಅವಳು ಗೋಡೆಗೊರಗಿ ಕುಸಿದು ಕೂತಿದ್ದಳು, ತಲೆ ಎದೆಯ ಮೇಲೆ ಬಿದ್ದಿತ್ತು. ಮೇಲೆ ಗೀಸರಿನ ಉರಿ ನೆಟ್ಟಗೆ, ಅಲುಗದೆ, ನಾನು ಬಯಸಿದ ಹಾಗೆಯೇ ನಿಂತಿತ್ತು.

ಅವಳನ್ನು ಎಳೆದುಕೊಂಡು ಹಿತ್ತಲಿಗೆ ತಂದು, ಸೀರೆ ಹೊದಿಸಿ, ಮಗಳಿಗೆ ಫೋನು ಮಾಡಿದೆ. ಬಯಲ ಗಾಳಿ ತಾಗಿ ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟಳು, ಮಾತಿರಲಿಲ್ಲ. ಇಷ್ಟು ಹೇಳಿ ನಿಲ್ಲಿಸಿದರೆ ನೀವು ನನ್ನನ್ನು ಒಬ್ಬ ದಡ್ಡನೆಂದು ಕ್ಷಮಿಸುತ್ತೀರಿ. ಆದರೆ ಆಟೋ ಬರುವುದಕ್ಕೆ ಮುಂಚೆ ಈ ಕೈ ಇನ್ನೊಂದು ಕೆಲಸ ಮಾಡಿತು. ನೆಲದ ಮೇಲೆ ಮಲಗಿದ್ದವಳ ಪಕ್ಕದಿಂದ ಎದ್ದು, ಕಿಂಡಿಯ ಹತ್ತಿರ ಹೋಗಿ, ಹುರಿ ಕಿತ್ತು, ಚಂದ್ರಿಕೆಯ ತುಂಡನ್ನು ಮೆಟ್ಟಿಲ ಕೆಳಗೆ, ಹಳೆಯ ಗೋಣಿಚೀಲಗಳ ಹಿಂದಕ್ಕೆ ತಳ್ಳಿದೆ. ಹೆಂಡತಿ ಬದುಕುತ್ತಾಳೋ ಇಲ್ಲವೋ ತಿಳಿಯದ ಹೊತ್ತಿನಲ್ಲಿ ನನಗೆ ಹೊಳೆದದ್ದು, ಸುಮ ಬರುವಷ್ಟರಲ್ಲಿ ಅದು ಅಲ್ಲಿರಬಾರದು ಎಂಬುದು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ ಅದು: "ಬಾತ್‌ರೂಮಲ್ಲಿ ಗ್ಯಾಸ್ ಗೀಸರ್ ಇದೆಯಾ? ಕಿಟಕಿ ತೆಗೆದಿತ್ತಾ?" ಮಗ್ಗುಲಲ್ಲಿ ಮಗಳು ನಿಂತಿದ್ದಳು. "ತೆಗ್ದಿತ್ತು ಸಾರ್" ಎಂದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಳ್ಳುವ ಹಾಗೆ, ಯಾರೂ ಕೇಳದಿದ್ದರೂ ಇನ್ನೊಂದು ಮಾತು ಸೇರಿಸಿದೆ: "ಇವತ್ತು ಅವಳಿಗೆ ಉಪವಾಸ. ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ."

ಹೀಗೆ ನನ್ನ ತಪ್ಪನ್ನು ಅವಳ ದೇವರ ಮೇಲೆ ಹೊರಿಸಿದೆ. ನಿಶ್ಶಕ್ತಿ ಎಂದಾಯಿತು, ಬಾಟಲಿ ಏರಿಸಿದರು, ಎರಡನೆಯ ದಿನ ಮನೆಗೆ ಬಂದಳು. ಸುಮ ಮೊದಲು ಬಚ್ಚಲಿಗೇ ಹೋಗಿ ಕಿಂಡಿ ನೋಡಿದಳು. ತೆಗೆದೇ ಇತ್ತು. ಜಯಮ್ಮ ಕೇಳಿದಾಗ, ಕಟ್ಟಿದ್ದನ್ನು ಹಿಂದಿನ ದಿನವೇ ಬಿಚ್ಚಿಹಾಕಿದ್ದೆ ಎಂದೆ; ಅದನ್ನೂ ನಂಬಿದಳು.

ಆಮೇಲಿನದು ನಾನು ಊಹಿಸಿರಲಿಲ್ಲ. ಸುಳ್ಳು ಹೇಳಿದವನಿಗೆ ಸುಳ್ಳು ಅಲ್ಲಿಗೇ ಮುಗಿಯುತ್ತದೆಂಬ ಭ್ರಮೆಯಿರುತ್ತದೆ. ಆದರೆ ಅದು ನಂಬಿದವರ ಮನೆಯಲ್ಲಿ ಸಂಸಾರ ಹೂಡುತ್ತದೆ. ಸುಮ ತಾಯಿಯನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ತಲೆ ಸ್ಕ್ಯಾನ್ ಮಾಡಿಸಿದಳು, ಎದೆ ಪರೀಕ್ಷೆ ಮಾಡಿಸಿದಳು. ಎಲ್ಲ ಕಡೆ "ಏನೂ ಇಲ್ಲ" ಎಂದರು. ಏನೂ ಇಲ್ಲ ಎಂದಷ್ಟೂ ಜಯಮ್ಮ ಹೆದರಿದಳು. ಹೆಸರಿಲ್ಲದ ಕಾಯಿಲೆ ಒಳಗೆಲ್ಲೋ ಅವಿತಿದೆ ಎಂದುಕೊಂಡಳು. ಶನಿವಾರದ ಉಪವಾಸ ಬಿಟ್ಟಳು. "ನನ್ನ ಉಪವಾಸ ದೇವ್ರಿಗೇ ಬ್ಯಾಡಾಯ್ತೇನೋ" ಎಂದು ಒಂದು ಸಲ ಅಂದಳು, ಅಷ್ಟೇ. ಮನೆಯೊಳಗೆ ಗೋಡೆ ಹಿಡಿದು ಓಡಾಡತೊಡಗಿದಳು. ಒಬ್ಬಳೇ ಬಸ್ಸು ಹತ್ತುವುದನ್ನು ಸುಮ ನಿಷೇಧಿಸಿದಳು. ಅಮ್ಮ ಸ್ನಾನ ಮಾಡುವಾಗ ಅಪ್ಪ ಬಚ್ಚಲ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕಾಯಬೇಕೆಂದು ಅಪ್ಪಣೆಯಾಯಿತು. ಕಳ್ಳನನ್ನೇ ಕಾವಲಿಗೆ ಕೂರಿಸಿದ್ದು! ನಾನು ಶ್ರದ್ಧೆಯಿಂದ ಕೂತೆ. ಎಂಥ ಒಳ್ಳೆಯ ಗಂಡ ಎಂದು ಅಕ್ಕಪಕ್ಕದವರು ಹೊಗಳಿದರು. ಆ ಹೊಗಳಿಕೆಯ ಶಾಖಕ್ಕೆ ಯಾವ ಬೆರಳೂ ತಡೆಯುವುದಿಲ್ಲ.

ಇಂದು ಹೇಳೋಣ, ನಾಳೆ ಹೇಳೋಣ ಎಂದು ಸುಮಾರು ನಾಲ್ಕು ತಿಂಗಳು ಕಳೆದವು. ಯುಗಾದಿ ಕಳೆದ ಮೇಲಿನ ಒಂದು ಶುಕ್ರವಾರ ಜಯಮ್ಮ ಹಳದಿ ಚೀಲವನ್ನು ನನ್ನ ಮುಂದಿಟ್ಟಳು.

"ನಾಳೆ ನೀವೇ ದೊಡ್ಡಮಳೂರಿಗೆ ಹೋಗ್ಬನ್ನಿ. ನನ್ನ ಹೆಸ್ರಲ್ಲಿ ಒಂದು ಅರ್ಚನೆ ಮಾಡ್ಸಿ. ಆಮೇಲೆ, ಇನ್ಮೇಲೆ ಬರಕ್ಕಾಗಲ್ಲ, ತಪ್ಪು ತಿಳ್ಕಬ್ಯಾಡ ಅಂತ ಸ್ವಾಮಿಗೆ ಒಂದು ಮಾತು ಹೇಳ್ಬುಡಿ."

ಹೋದೆ. ಗುಡಿಯ ಮುಂದೆ ತುಳಸಿ ಮಾರುತ್ತಿದ್ದ ಒಬ್ಬಾಕೆ ನನ್ನ ಮುಖ ನೋಡದೆ ಚೀಲವನ್ನೇ ನೋಡಿ, "ಇದು ಜಯಕ್ಕನ ಚೀಲ ಅಲ್ವಾ? ಎಲ್ಲಿ ಅವ್ಳು?" ಎಂದಳು.

"ಮೈ ಸರಿ ಇಲ್ಲಮ್ಮ. ನಾನು ಅವಳ ಯಜಮಾನ."

"ಅಯ್ಯೋ ಸಿವನೇ, ಅವ್ಳಿಗಾ? ನಂಗೆ ಸೊಂಟ ಹಿಡ್ಕಂಡಾಗ ಈ ಬುಟ್ಟಿನ ತಲೆ ಮೇಲೆ ಹೊತ್ಕಂಡು ಬಸ್‌ಸ್ಟಾಪ್ ತಂಕ ಬಂದೋಳು ಕಣಣ್ಣಾ ಅವ್ಳು! ಗಟ್ಟಿಗಿತ್ತಿ. ನಿಮ್ಮನ್ನೂ ಒಂದಿನ ಕರ್ಕಂಡ್ ಬಾ ಅಂದ್ರೆ, ಅವ್ರು ಬಂದ್ರೆ ವಾಚ್ ನೋಡ್ಕಂಡು ಕುಂತಿರ್ತಾರೆ, ನಂಗೆ ನೆಮ್ಮದಿಯಾಗಿ ನಾಕು ಮಾತಾಡಕ್ಕಾಗಲ್ಲ ಅಂತಿದ್ಲು." ಹೀಗೆಂದು ನಕ್ಕವಳು, ನನ್ನ ಮಣಿಕಟ್ಟಿನ ವಾಚು ನೋಡಿ ಇನ್ನೂ ಜೋರಾಗಿ ನಕ್ಕಳು. "ಆ ಕಂಬದ ಬುಡದಲ್ಲೇ ಕುಂತ್ಕತಿದ್ಲು. ಗಾಳಿ ಚೆಂದಾಗ್ ಬತ್ತದೆ ಅಂತ."

ಅರ್ಚನೆ ಮಾಡಿಸಿದೆ. ಗರ್ಭಗುಡಿಯ ಮುಂದೆ ನಿಂತು, ಅವಳು ಹೇಳಿಕಳಿಸಿದ ಮಾತನ್ನು ಹೇಳಲು ಬಾಯಿ ತೆರೆದೆ. ಬರಲಿಲ್ಲ. ಡಾಕ್ಟರಿಗೆ ಸುಳ್ಳು ಹೇಳಿದ್ದಾಯಿತು, ಮಗಳಿಗೆ ಹೇಳಿದ್ದಾಯಿತು. ಎಲ್ಲ ಗೊತ್ತಿರುವವನ ಮುಂದೆ ನಿಂತು, ಅವಳಿಗೆ ಆಗುವುದಿಲ್ಲವಂತೆ ಎಂದು ಹೇಗೆ ಹೇಳಲಿ? ಆಗುವುದಿಲ್ಲ ಎನ್ನುವಂತೆ ಮಾಡಿದವನೇ ನಾನು. ಹೊರಗೆ ಬಂದು ಆ ಕಂಬದ ಬುಡದಲ್ಲಿ ಕೂತೆ. ಗಾಳಿ ನಿಜವಾಗಿಯೂ ಚೆನ್ನಾಗಿತ್ತು. ತಿಂಗಳಿಗೊಂದು ದಿನ, ಹೊಗೆಯಿಲ್ಲದ, ನಾನಿಲ್ಲದ ಈ ಒಂದು ಜಾಗ ಅವಳಿಗಿತ್ತು. ಒಂದು ತುಂಡು ಚಂದ್ರಿಕೆಯಿಂದ ನಾನು ಮುಚ್ಚಿದ್ದು ಬಚ್ಚಲ ಕಿಂಡಿಯನ್ನಷ್ಟೇ ಆಗಿರಲಿಲ್ಲ.

ಮಧ್ಯಾಹ್ನ ಮನೆಗೆ ಬಂದಾಗ ಜಯಮ್ಮ ನಡುಮನೆಯಲ್ಲಿ ಅವರೆಕಾಳು ಆರಿಸುತ್ತಿದ್ದಳು. "ಹೇಳಿದ್ರಾ?" ಎಂದಳು.

ನಾನು ಮಾತಾಡದೆ ಮೆಟ್ಟಿಲ ಕೆಳಕ್ಕೆ ಹೋಗಿ, ಗೋಣಿಚೀಲ ಸರಿಸಿ, ಆ ತುಂಡನ್ನು ತಂದು ಅವಳ ಮುಂದಿಟ್ಟೆ. ಅವಳು ಬಿದಿರಿನ ಸುರುಳಿಯ ಮೇಲೆ ಬೆರಳಾಡಿಸಿ, "ಇದು ನಮ್ಮಪ್ಪನ ಮನೇದಲ್ವಾ, ಹಪ್ಪಳದ್ದು? ಪ್ಲಾಸ್ಟಿಕ್ ಯಾಕೆ ಹೊಲ್ದಿದ್ದೀರಿ?" ಎಂದಳು. ಎಲ್ಲವನ್ನೂ ಹೇಳಿದೆ. ಕಿಂಡಿಗೆ ಕಟ್ಟಿದ್ದು, ಕಿತ್ತದ್ದು, ಯಾವಾಗ ಕಿತ್ತದ್ದು, ಡಾಕ್ಟರಿಗೆ ಏನೆಂದದ್ದು. ಬೈಗುಳಕ್ಕೆ ತಲೆ ತಗ್ಗಿಸಿ ಕೂತೆ.

ಬೈಗುಳ ಬರಲಿಲ್ಲ. ತುಂಡನ್ನು ಪಕ್ಕಕ್ಕೆ ಸರಿಸಿ, "ಅಂದ್ರೆ ನನ್ನ ತಲೇಲಿ ಏನೂ ಇಲ್ವಾ?" ಎಂದಳು.

"ಇಲ್ಲ."

"ಎದೇಲಿ?"

"ಏನೂ ಇಲ್ಲ ಕಣೇ."

"ಸ್ವಾಮಿ ಮುನಿಸ್ಕಂಡಿಲ್ವಾ?"

"ಇಲ್ಲ. ಎಲ್ಲಾ ನನ್ನದೇ."

ಅವಳು ಮೊರ ಪಕ್ಕಕ್ಕಿಟ್ಟು ಎದ್ದಳು. ಗೋಡೆಯ ಕಡೆ ಹೋದ ಕೈ ಅರ್ಧದಲ್ಲಿ ನಿಂತಿತು, ಕೆಳಗಿಳಿಯಿತು. ಏನನ್ನೂ ಹಿಡಿಯದೆ ನಡುಮನೆ ದಾಟಿ, ಹಿತ್ತಲಿಗೆ ಹೋಗಿ, ಬಿಸಿಲಲ್ಲಿ ಒಂದು ಸುತ್ತು ನಡೆದು ವಾಪಸು ಬಂದಳು. ಆಮೇಲೆ ಬೈದಳು, ನೋಡಿ! ನಲವತ್ತು ವರ್ಷದ ದಾಂಪತ್ಯದಲ್ಲಿ ಅಂಥ ಬೈಗುಳ ಕೇಳಿರಲಿಲ್ಲ. "ಹುಳ ಬೇಯ್ಸಿ ಬೇಯ್ಸಿ ಅಭ್ಯಾಸ ಆಗೋಗಿ ನನ್ನೂ ಗೂಡ್ನಲ್ಲಿ ಮುಚ್ಚಿ ಬೇಯ್ಸಕ್ಕೆ ಹೊಂಟಿದ್ರಾ? ಅದ್ರ ಮೇಲೆ ನಾಕು ತಿಂಗ್ಳು ಗೋಡೆ ಹಿಡ್ಸಿದ್ರಲ್ರೀ! ಸ್ಟೂಲ್ ಹಾಕ್ಕಂಡು ಕಾವ್ಲು ಬ್ಯಾರೆ! ನಾನು ಬಿದ್ದದ್ದಕ್ಕೆ ಅಳಲ್ಲ ಕಣ್ರೀ, ನನ್ ಮೈ ಮೇಲೆ ನಂಗೇ ಅನುಮಾನ ಬರ್ಸಿದ್ರಲ್ಲ, ಅದ್ಕೆ ಅಳ್ತೀನಿ." ಅತ್ತಳು. ನಾನೂ ಅತ್ತೆ. ನಾನು ಅತ್ತದ್ದನ್ನು ನೋಡಿ ಅವಳಿಗೆ ಇನ್ನೂ ಕೋಪ ಬಂತು.

ಶಿಕ್ಷೆಯನ್ನೂ ಅವಳೇ ವಿಧಿಸಿದಳು. ಯಾರ ಯಾರ ಹತ್ತಿರ ಸುಳ್ಳು ಹೇಳಿದ್ದೆನೋ ಅವರವರ ಹತ್ತಿರ ನಾನೇ ಹೋಗಿ ನಿಜ ಹೇಳಬೇಕು, ಅವಳು ಜತೆಗೆ ಬರುವುದಿಲ್ಲ. ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿ, "ಆವತ್ತು ನಿಜ ಹೇಳಿದ್ದರೆ ಮೊದಲು ಆಕ್ಸಿಜನ್ ಹಾಕ್ತಿದ್ದೆ. ಇನ್ನೊಂದು ಹತ್ತು ನಿಮಿಷ ಒಳಗಿದ್ದಿದ್ದರೆ ನೀವು ನನ್ನ ಹತ್ತಿರ ಬರೋ ಕೆಲಸವೇ ಇರ್ತಿರಲಿಲ್ಲ" ಎಂದಷ್ಟೇ ಅಂದರು. ಸುಮ ಹದಿನೈದು ದಿನ ನನ್ನೊಂದಿಗೆ ಮಾತೇ ಆಡಲಿಲ್ಲ. ಅನ್ವರನ ಹತ್ತಿರ, ಗೋಡೆ ಸರಿಯಿಲ್ಲವೆಂದು ನೀನು ಹೇಳಿದೆ ಅಂತ ನಿನ್ನ ಮೇಲೆ ಹಾಕಿದ್ದೆ ಕಣಪ್ಪಾ ಎಂದಾಗ ಅವನು ನಕ್ಕುಬಿಟ್ಟ. ಆಮೇಲೆ ನಗು ನಿಲ್ಲಿಸಿ, "ಯಜಮಾನ್ರೇ, ನಾನೂ ಅವತ್ತು ಒಸಿ ಜಗಳ ಆಡ್ಬೇಕಿತ್ತು. ದೊಡ್ಡೋರು ಅಂತ ಸುಮ್ನಾದೆ" ಎಂದ. ಮರುದಿನ ಬಂದು ಗೀಸರನ್ನು ಹೊರಗಿನ ಗೋಡೆಗೆ, ಮಳೆ ತಾಗದಂತೆ ಮೇಲೆ ತಗಡು ಕೊಟ್ಟು ಕೂರಿಸಿದ. ಜಯಮ್ಮ ಪಕ್ಕದಲ್ಲೇ ನಿಂತು ಮೇಸ್ತ್ರಿಯ ಹಾಗೆ ಉಸ್ತುವಾರಿ ಮಾಡಿದಳು. ನನಗೆ ಆ ಕಡೆ ಸುಳಿಯಲು ಅನುಮತಿ ಇರಲಿಲ್ಲ. ಈಗ ಉರಿ ನನ್ನ ಕಣ್ಣಿಗೆ ಕಾಣುವುದಿಲ್ಲ. ಕಾಣದಿದ್ದರೂ ನೀರು ಕಾಯುತ್ತದೆ.

ಒಂದೊಂದು ಸಲ ಯೋಚಿಸುತ್ತೇನೆ. ಹುಳು ಸಾಕುವವನು ಮನೆ ಹೊಕ್ಕ ಕೂಡಲೇ ಗಾಳಿಯ ಕಡೆ ನೋಡುತ್ತಾನೆ, ಯಾಕೆಂದರೆ ಅವನ ಕೈಯಲ್ಲಿರುವುದು ಉಸಿರಾಡುವ ಜೀವ. ಹುಳು ಬೇಯಿಸುವವನು ಉರಿಯ ಕಡೆ ನೋಡುತ್ತಾನೆ, ಅವನಿಗೆ ಬೇಕಾದ್ದು ನೂಲು. ನಾನು ಕಸುಬು ಬಿಟ್ಟೆನೇ ಹೊರತು ಆ ನೋಟ ಬಿಟ್ಟಿರಲಿಲ್ಲ. ಚೆನ್ನಾಗಿ ಬಲ್ಲೆನೆಂದುಕೊಂಡ ಕಡೆಯೇ ಮನುಷ್ಯ ಇನ್ನೊಬ್ಬರ ಮಾತಿಗೆ ಕಿಂಡಿ ಮುಚ್ಚುತ್ತಾನೆ. ಅನ್ವರ್ ಹೇಳಿದ್ದ, ಜಯಮ್ಮ ಹೇಳಿದ್ದಳು, ತೀರಿಹೋದ ಮಾವ ಕೂಡ ಮಗಳ ಬಾಯಲ್ಲಿ ಹೇಳಿಸಿದ್ದರು. ನಿಮ್ಮ ಮನೆಯಲ್ಲೂ ಗ್ಯಾಸ್ ಗೀಸರ್ ಇದ್ದರೆ, ಅದು ಎಲ್ಲಿದೆ, ಕಿಂಡಿ ಹೇಗಿದೆ ಎಂದು ಇದನ್ನು ಓದಿ ಮುಗಿಸಿದ ಮೇಲೆ ಒಂದು ಸಲ ಎದ್ದು ಹೋಗಿ ನೋಡಿ. ಓದುವುದನ್ನು ಈಗಲೇ ನಿಲ್ಲಿಸಿ ಹೋದರೂ ನನಗೆ ಬೇಸರವಿಲ್ಲ.

ಇವತ್ತು ಶನಿವಾರ. ಜಯಮ್ಮ ಬೆಳಿಗ್ಗೆ ತಲೆಸ್ನಾನ ಮಾಡಿ, ಒದ್ದೆ ಕೂದಲಿಗೆ ತುದಿಗಂಟು ಹಾಕಿ, ಹಳದಿ ಚೀಲ ಹಿಡಿದು, ಒಬ್ಬಳೇ ಬಸ್ಸಿಗೆ ಹೋದಳು. ನಾನೂ ಬರಲೇ ಎಂದು ಕೇಳಲಿಲ್ಲ. ಬೀದಿಯ ತಿರುವಿನವರೆಗೆ ನೋಡಿ, ಒಳಗೆ ಬಂದು ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲ ಕಡೆ ನಡೆದೆ. ಚಿಲಕದ ಮೇಲೆ ಕೈಯಿಟ್ಟವನು ಅಭ್ಯಾಸಬಲದಿಂದ ನಿಂತೆ. ಅಡುಗೆಮನೆಯಿಂದ ಪ್ರಶ್ನೆ ಬರಲಿಲ್ಲ. ಕೇಳುವವಳು ಈ ಹೊತ್ತಿಗೆ ಚನ್ನಪಟ್ಟಣದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿರುತ್ತಾಳೆ. ಆದರೂ ಬಾಗಿಲು ತೆರೆದು ತಲೆ ಎತ್ತಿ, ಎರಡು ಸರಳಿನ ಆಚೆಯ ಆಕಾಶವನ್ನು ಸರಿಯಾಗಿ ನೋಡಿ, ಖಾಲಿ ಮನೆಗೆ ಕೇಳುವಂತೆ ಗಟ್ಟಿಯಾಗಿಯೇ ಹೇಳಿದೆ:

"ತೆಗ್ದೈತೆ ಕಣೇ."

ಒಳಗೆ ಹೋಗಿ ಮೊದಲ ಚೊಂಬು ಸುರಿದುಕೊಂಡೆ. ಒದ್ದೆ ಬೆನ್ನಿಗೆ ತಣ್ಣನೆಯ ಗಾಳಿ ಬಡಿಯಿತು.